ಬೆನ್ನ ಮೇಲೆ ಬೀಜ ಹೊತ್ತ ಬಲ್ಬಸಾರ್: ಪಟ್ಟಿಯಲ್ಲಿ ಮೊದಲಿಗ, ಪ್ರಚಾರದಲ್ಲಿ ಹಿಂದಿನವ

ಇಂದಿನ ಮಕ್ಕಳಿಗೆ, ಅಷ್ಟೇ ಏಕೆ, ಮೂವತ್ತು ದಾಟಿದ ತರುಣ ತರುಣಿಯರಿಗೂ ಪಿಕಾಚು ಎಂಬ ಹೆಸರು ಚಿರಪರಿಚಿತ. ಹಳದಿ ಮೈಯ, ಕೆಂಪು ಕೆನ್ನೆಯ ಆ ಪುಟ್ಟ ಪ್ರಾಣಿ ಶಾಲಾಚೀಲ, ನೀರಿನ ಬಾಟಲಿ, ಟೀ ಶರ್ಟ್‌ಗಳ ಮೇಲೆಲ್ಲ ರಾರಾಜಿಸಿದೆ. ಆದರೆ ಪೊಕೆಮಾನ್ ಎಂಬ ಜಪಾನೀ ವಿಡಿಯೋ ಗೇಮ್‌ನ ಜೀವಿಗಳ ಅಧಿಕೃತ ಪಟ್ಟಿಯನ್ನು ತೆರೆದು ನೋಡಿದರೆ ಪಿಕಾಚುವಿನ ಸಂಖ್ಯೆ 25. ಹಾಜರಿ ಪುಸ್ತಕದ ಮೊದಲ ಸಾಲಿನಲ್ಲಿ, 001 ಎಂಬ ಗೌರವದ ಸ್ಥಾನದಲ್ಲಿ ಇರುವುದು ಬೇರೆಯೇ ಒಂದು ಜೀವಿ. ಅದರ ಹೆಸರು ಬಲ್ಬಸಾರ್.

ನೀಲಿ ಮಿಶ್ರಿತ ಹಸಿರು ಮೈ, ಅದರ ಮೇಲೆ ಗಾಢ ಹಸಿರು ಮಚ್ಚೆ, ಕೆಂಪು ಕಣ್ಣು, ಅಗಲ ಬಾಯಿ, ನಾಲ್ಕು ಗಿಡ್ಡ ಕಾಲು. ಬೆನ್ನಿನ ಮೇಲೆ ಈರುಳ್ಳಿಯಂತೆ ಉಬ್ಬಿದ ಒಂದು ಹಸಿರು ಗಡ್ಡೆ. ಎತ್ತರ 70 ಸೆಂಟಿಮೀಟರ್, ತೂಕ 6.9 ಕಿಲೋ. ಕೆಲವರಿಗೆ ಅದು ಓತಿಕೇತದಂತೆ, ಇನ್ನು ಕೆಲವರಿಗೆ ಕಪ್ಪೆಯಂತೆ, ಮತ್ತೆ ಕೆಲವರಿಗೆ ಪುರಾತನ ಕಾಲದ ಡೈನೋಸಾರ್ ಮರಿಯಂತೆ ಕಾಣುತ್ತದೆ. ಹುಟ್ಟುವಾಗಲೇ ಅದರ ಬೆನ್ನಿಗೆ ಒಂದು ಬೀಜ ಅಂಟಿಕೊಂಡಿರುತ್ತದೆ, ಪ್ರಾಣಿ ಬೆಳೆದಂತೆ ಗಿಡವೂ ಬೆಳೆಯುತ್ತದೆ ಎಂಬುದು ಆಟ ರಚಿಸಿದವರ ಕಲ್ಪನೆ.

ಮಕ್ಕಳ ಆಟದ ಈ ಕಾಲ್ಪನಿಕ ಪ್ರಾಣಿಯ ವಿಚಾರ ಹಿರಿಯರಿಗೇಕೆ ಎಂಬ ಪ್ರಶ್ನೆ ಸಹಜವಾಗಿ ಏಳಬಹುದು. ಆದರೆ ಎಂಟು ಹತ್ತು ವರ್ಷದ ಮಗುವೊಂದು ಯಾರ ಒತ್ತಾಯವೂ ಇಲ್ಲದೆ, ಮತ್ತೆ ಬದಲಿಸಲಾಗದ ಒಂದು ನಿರ್ಧಾರವನ್ನು ಜೀವನದಲ್ಲಿ ಮೊದಲ ಬಾರಿಗೆ ಕೈಗೊಳ್ಳುವುದು ಬಹುಶಃ ಇಂಥ ಆಟದಲ್ಲೇ. ಆ ನಿರ್ಧಾರದ ಹಿಂದೆ ಲೆಕ್ಕಾಚಾರವೂ ಇದೆ, ಸ್ವಭಾವವೂ ಇದೆ.

ಕೀಟ ಹಿಡಿಯುತ್ತಿದ್ದ ಹುಡುಗನ ಕನಸು

ಪೊಕೆಮಾನ್ ಆಟದ ಜನಕ ಸತೋಶಿ ತಾಜಿರಿ 1965ರಲ್ಲಿ ಜಪಾನಿನಲ್ಲಿ ಜನಿಸಿದವರು. ಟೋಕಿಯೋ ಹೊರವಲಯದ ಮಾಚಿದಾ ಎಂಬಲ್ಲಿ ಅವರ ಬಾಲ್ಯ ಕಳೆಯಿತು. ಗದ್ದೆ, ಕೆರೆ, ಕಾಡುಗಳಲ್ಲಿ ಅಲೆದು ಜೀರುಂಡೆಗಳನ್ನು ಹಿಡಿದು ತರುವುದೆಂದರೆ ಬಾಲಕನಿಗೆ ಎಲ್ಲಿಲ್ಲದ ಸಂತೋಷ. ಸಹಪಾಠಿಗಳು ಆತನನ್ನು ಕೀಟ ಪಂಡಿತ ಎಂದೇ ಕರೆಯುತ್ತಿದ್ದರಂತೆ. ನಗರ ಬೆಳೆಯಿತು. ಕೆರೆಗಳು ಮುಚ್ಚಿದವು, ಗದ್ದೆಗಳ ಮೇಲೆ ಕಟ್ಟಡಗಳೆದ್ದವು. ಮುಂಬಯಿ, ಪುಣೆಯ ಉಪನಗರಗಳಲ್ಲಿ ದಶಕಗಳಿಂದ ನೆಲೆಸಿರುವವರಿಗೆ ಈ ಬದಲಾವಣೆಯನ್ನು ವಿವರಿಸಿ ಹೇಳಬೇಕಾಗಿಲ್ಲ.

ತಾಜಿರಿ 1983ರಲ್ಲಿ ಗೇಮ್ ಫ್ರೀಕ್ ಎಂಬ ಕೈಬರಹದ ಪತ್ರಿಕೆ ಆರಂಭಿಸಿದರು. ಮುಂದೆ ಕೆನ್ ಸುಗಿಮೋರಿ ಎಂಬ ಚಿತ್ರಕಾರ ಅವರ ಜೊತೆಗೂಡಿದರು. 1989ರಲ್ಲಿ ಪತ್ರಿಕೆಯ ಹೆಸರಿನಲ್ಲೇ ಕಂಪೆನಿ ಸ್ಥಾಪನೆಯಾಯಿತು. ಅದೇ ವರ್ಷ ನಿಂಟೆಂಡೋ ಸಂಸ್ಥೆ ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ತಂದಿತ್ತು. 1889ರಲ್ಲಿ ಕ್ಯೋಟೋ ನಗರದಲ್ಲಿ ಇಸ್ಪೀಟಿನಂತಹ ಹೂವಿನ ಎಲೆಗಳನ್ನು ತಯಾರಿಸುವ ಅಂಗಡಿಯಾಗಿ ಆರಂಭವಾದ ನಿಂಟೆಂಡೋ ಆಗ ನೂರು ವರ್ಷ ಪೂರೈಸಿತ್ತು ಎಂಬುದು ಗಮನಾರ್ಹ.

ಎರಡು ಗೇಮ್ ಬಾಯ್ ಯಂತ್ರಗಳನ್ನು ಒಂದು ತಂತಿಯಿಂದ ಜೋಡಿಸಲು ಸಾಧ್ಯವಿತ್ತು. ಆ ತಂತಿಯ ಮೂಲಕ ಕೀಟವೊಂದು ಈ ಯಂತ್ರದಿಂದ ಆ ಯಂತ್ರಕ್ಕೆ ತೆವಳಿಕೊಂಡು ಹೋದರೆ ಹೇಗಿದ್ದೀತು ಎಂಬ ಯೋಚನೆ ತಾಜಿರಿಯವರಿಗೆ ಹೊಳೆಯಿತು. ಹಿಡಿ, ಸಾಕು, ಗೆಳೆಯನೊಡನೆ ವಿನಿಮಯ ಮಾಡು ಎಂಬುದೇ ಆಟದ ತಿರುಳಾಯಿತು. ಸುಮಾರು ಆರು ವರ್ಷಗಳ ಪರಿಶ್ರಮದ ಬಳಿಕ 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಪೊಕೆಮಾನ್ ಕೆಂಪು ಮತ್ತು ಹಸಿರು ಎಂಬ ಎರಡು ಆವೃತ್ತಿಗಳು ಬಿಡುಗಡೆಯಾದವು. ಪಾಕೆಟ್ ಮಾನ್‌ಸ್ಟರ್ ಎಂಬುದರ ಹ್ರಸ್ವರೂಪವೇ ಪೊಕೆಮಾನ್. ಅಂದರೆ ಕಿಸೆಯಲ್ಲಿ ಇಟ್ಟುಕೊಳ್ಳಬಹುದಾದ ವಿಚಿತ್ರ ಪ್ರಾಣಿ. ಮೊದಲ ಆಟದಲ್ಲಿ 151 ಜೀವಿಗಳಿದ್ದವು. ಇಂದು ಆ ಸಂಖ್ಯೆ ಸಾವಿರ ದಾಟಿದೆ.

ಹೆಸರಿನಲ್ಲೇ ಬೆರಗು

ಜಪಾನೀ ಭಾಷೆಯಲ್ಲಿ ಈ ಜೀವಿಯ ಹೆಸರು ಫುಶಿಗಿದಾನೆ. ಫುಶಿಗಿ ಎಂದರೆ ವಿಚಿತ್ರ, ತಾನೆ ಎಂದರೆ ಬೀಜ. ಎರಡೂ ಸೇರಿದಾಗ ವಿಚಿತ್ರ ಬೀಜ. ಅದನ್ನೇ ಬಿಡಿಸಿ ಉಚ್ಚರಿಸಿದರೆ ಎಂಥ ವಿಚಿತ್ರ ಅಲ್ಲವೇ ಎಂಬ ಉದ್ಗಾರವೂ ಆಗುತ್ತದೆ. ಒಂದೇ ಪದದಲ್ಲಿ ಹೆಸರೂ ಆಯಿತು, ಬೆರಗೂ ಆಯಿತು. ಯಕ್ಷಗಾನ ತಾಳಮದ್ದಳೆಯ ಶ್ಲೇಷೆಗೆ ತಲೆದೂಗುವ ಓದುಗರಿಗೆ ಇದರ ರುಚಿ ಬೇಗ ಹತ್ತೀತು. ಇಂಗ್ಲಿಷಿಗೆ ಬರುವಾಗ ಈ ಶ್ಲೇಷೆ ಉಳಿಯಲಿಲ್ಲ. ಗಡ್ಡೆ ಎಂಬರ್ಥದ ಬಲ್ಬ್, ಹಲ್ಲಿ ಎಂಬರ್ಥದ ಗ್ರೀಕ್ ಮೂಲದ ಸಾರ್ ಸೇರಿ ಬಲ್ಬಸಾರ್ ಆಯಿತು. ಬಲ್ಬ್ ಎಂದ ಕೂಡಲೇ ವಿದ್ಯುದ್ದೀಪ ನೆನಪಾಗುವ ನಮ್ಮ ಕಡೆಯ ಮಕ್ಕಳಿಗೆ ಇಲ್ಲಿ ಸ್ವಲ್ಪ ಗೊಂದಲವಾಗುವುದುಂಟು. ಇದು ಈರುಳ್ಳಿ, ಬೆಳ್ಳುಳ್ಳಿಗಳ ಗಡ್ಡೆಯ ಬಲ್ಬ್.

ಮೇಜಿನ ಮೇಲಿನ ಮೂರು ಚೆಂಡು

ಆಟ ಆರಂಭವಾಗುವುದು ಪ್ಯಾಲೆಟ್ ಎಂಬ ಚಿಕ್ಕ ಊರಿನಲ್ಲಿ. ಪ್ರೊಫೆಸರ್ ಓಕ್ ಎಂಬ ಹಿರಿಯ ಸಂಶೋಧಕರು ತಮ್ಮ ಪ್ರಯೋಗಾಲಯದ ಮೇಜಿನ ಮೇಲೆ ಮೂರು ಚೆಂಡುಗಳನ್ನು ಇಟ್ಟಿರುತ್ತಾರೆ. ಒಂದರಲ್ಲಿ ಬಾಲದ ತುದಿಯಲ್ಲಿ ಬೆಂಕಿ ಉರಿಯುವ ಚಾರ್ಮ್ಯಾಂಡರ್, ಇನ್ನೊಂದರಲ್ಲಿ ಆಮೆಯಂತಹ ಸ್ಕ್ವರ್ಟಲ್, ಮತ್ತೊಂದರಲ್ಲಿ ಬಲ್ಬಸಾರ್. ಬೆಂಕಿ, ನೀರು, ಹಸಿರು. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಹಸಿರನ್ನು ಸುಡುತ್ತದೆ, ಹಸಿರು ನೀರನ್ನು ಹೀರುತ್ತದೆ. ಯಾರೂ ಸರ್ವಶ್ರೇಷ್ಠರಲ್ಲ, ಯಾರೂ ಕನಿಷ್ಠರೂ ಅಲ್ಲ.

ಆಟಗಾರ ಒಂದನ್ನು ಮಾತ್ರ ಆಯ್ದುಕೊಳ್ಳಬೇಕು. ಪ್ರೊಫೆಸರರ ಮೊಮ್ಮಗನೇ ಇಲ್ಲಿ ಪ್ರತಿಸ್ಪರ್ಧಿ. ಆತ ನೋಡಿಕೊಂಡು, ನಮ್ಮ ಆಯ್ಕೆಯನ್ನು ಮಣಿಸಬಲ್ಲದ್ದನ್ನೇ ಎತ್ತಿಕೊಳ್ಳುತ್ತಾನೆ. ಬಲ್ಬಸಾರ್ ಆಯ್ದರೆ ಅವನ ಕೈಯಲ್ಲಿ ಚಾರ್ಮ್ಯಾಂಡರ್ ಖಚಿತ. ಉಳಿದ ಮೂರನೆಯದು ಆ ಆಟದಲ್ಲಿ ಮತ್ತೆಲ್ಲೂ ಸಿಗುವುದಿಲ್ಲ. ಬೇಕೇ ಬೇಕೆಂದರೆ ಅದನ್ನು ಆಯ್ದುಕೊಂಡ ಗೆಳೆಯನೊಬ್ಬ ಬೇಕು, ತಂತಿ ಜೋಡಿಸಿ ವಿನಿಮಯ ಮಾಡಿಕೊಳ್ಳಬೇಕು. ಕೆಂಪು ಆವೃತ್ತಿಯಲ್ಲಿ ಸಿಗುವ ಕೆಲವು ಜೀವಿಗಳು ಹಸಿರಿನಲ್ಲಿಲ್ಲ, ಹಸಿರಿನಲ್ಲಿ ಇರುವ ಕೆಲವು ಕೆಂಪಿನಲ್ಲಿಲ್ಲ. ಒಬ್ಬನೇ ಕುಳಿತು ಎಷ್ಟು ಗಂಟೆ ಆಡಿದರೂ ಪಟ್ಟಿ ಪೂರ್ಣವಾಗದು. ಸಂಘ ಸಂಸ್ಥೆ ಕಟ್ಟಿ ಬೆಳೆಸಿದವರಿಗೆ ಈ ತತ್ವ ಹೊಸದೇನಲ್ಲ.

ಕಷ್ಟ ಮೊದಲೋ, ಕೊನೆಗೋ?

ಮೂರರಲ್ಲಿ ಹೊಸಬನಿಗೆ ಹೆಚ್ಚು ಅನುಕೂಲಕರ ಯಾವುದು? ಮೊದಲ ಆವೃತ್ತಿಯ ಲೆಕ್ಕ ಹಾಕಿದರೆ ಉತ್ತರ ಬಲ್ಬಸಾರ್. ಆಟದಲ್ಲಿ ಜಿಮ್ ಎಂದು ಕರೆಯುವ ಎಂಟು ಗರಡಿಮನೆಗಳಿವೆ. ಒಂದೊಂದರ ಮುಖ್ಯಸ್ಥನನ್ನು ಸೋಲಿಸಿ ಬಿಲ್ಲೆ ಪಡೆಯಬೇಕು. ಮೊದಲ ಗರಡಿಯ ಬ್ರಾಕ್ ಬಂಡೆಗಲ್ಲಿನ ಜೀವಿಗಳ ಒಡೆಯ. ಅವನ ಓನಿಕ್ಸ್ ಎಂಬ ಬೃಹತ್ ಕಲ್ಲಿನ ಹಾವಿಗೆ ಚಾರ್ಮ್ಯಾಂಡರ್‌ನ ಬೆಂಕಿ ಅಷ್ಟಾಗಿ ತಾಗುವುದಿಲ್ಲ. ಆದರೆ 13ನೇ ಹಂತದಲ್ಲಿ ಬಲ್ಬಸಾರ್ ಕಲಿಯುವ ಬಳ್ಳಿಯೇಟಿಗೆ ಅದು ತತ್ತರಿಸುತ್ತದೆ. ಎರಡನೆಯ ಗರಡಿ ನೀರಿನ ಜೀವಿಗಳ ಮಿಸ್ಟಿಯದ್ದು. ಅಲ್ಲಿಯೂ ಹಸಿರಿಗೆ ಮೇಲುಗೈ. ಮೂರನೆಯದು ವಿದ್ಯುತ್ತಿನದ್ದು. ಹಸಿರಿಗೆ ವಿದ್ಯುತ್ತಿನ ಆಘಾತ ಅರ್ಧದಷ್ಟು ಮಾತ್ರ.

ನಾಲ್ಕನೆಯ ಗರಡಿಯಿಂದ ಚಿತ್ರ ಬದಲಾಗುತ್ತದೆ. ಅಲ್ಲಿ ಎದುರಾಳಿಯೂ ಹಸಿರೇ. ಐದನೆಯದು ವಿಷದ ಜೀವಿಗಳದ್ದು. ಆರನೆಯ ಸಬ್ರೀನಾಳ ಮನಶ್ಶಕ್ತಿಯ ಜೀವಿಗಳ ಮುಂದೆ ಬಲ್ಬಸಾರ್‌ಗೆ ಕಷ್ಟ. ಏಕೆಂದರೆ ಅದು ಹಸಿರಿನ ಜೊತೆಗೆ ವಿಷದ ವರ್ಗಕ್ಕೂ ಸೇರಿದ್ದು, ವಿಷಕ್ಕೆ ಮನಶ್ಶಕ್ತಿಯೇ ವೈರಿ. ಏಳನೆಯದು ಸಾಕ್ಷಾತ್ ಬೆಂಕಿ.

ಸಾಲದ ಕಂತಿನ ಭಾಷೆಯಲ್ಲಿ ಹೇಳುವುದಾದರೆ, ಬಲ್ಬಸಾರ್ ಆಯ್ದವನಿಗೆ ಆರಂಭದ ಕಂತುಗಳು ಹಗುರ, ಮುಂದಿನವು ಭಾರ. ಚಾರ್ಮ್ಯಾಂಡರ್ ಆಯ್ದವನಿಗೆ ಮೊದಲ ಕಂತುಗಳೇ ಬೆವರಿಳಿಸುತ್ತವೆ. ಕಷ್ಟವಿಲ್ಲದ ಆಯ್ಕೆ ಮೂರರಲ್ಲಿ ಯಾವುದೂ ಅಲ್ಲ. ಕಷ್ಟ ಯಾವಾಗ ಬರಲಿ ಎಂಬುದಷ್ಟೇ ಆಟಗಾರನ ಕೈಯಲ್ಲಿದೆ. ಮೊದಲ ಮೂರು ಗರಡಿಗಳನ್ನು ಸಲೀಸಾಗಿ ಗೆದ್ದ ಹುಡುಗ ಅದೇ ಬಲದ ಮೇಲೆ ಮೈಮರೆತರೆ ಆರನೆಯದರಲ್ಲಿ ಮುಗ್ಗರಿಸುತ್ತಾನೆ. ಹಗುರ ಕಂತಿನ ಅವಧಿಯಲ್ಲಿ ಇತರ ಜೀವಿಗಳನ್ನು ಹಿಡಿದು ಪಳಗಿಸಿದವನು ದಾಟಿ ಹೋಗುತ್ತಾನೆ. ಗೃಹಸಾಲ ಪಡೆದ ಯಾವ ಸಂಸಾರಸ್ಥನಿಗೂ ಈ ಪಾಠ ಅರ್ಥವಾಗದೆ ಇರದು.

ಹನಿಗೂಡಿದರೆ ಹಳ್ಳ

ಬಲ್ಬಸಾರ್‌ನ ಹೋರಾಟದ ರೀತಿಯೂ ಅದರ ಸ್ವಭಾವಕ್ಕೆ ತಕ್ಕುದಾಗಿದೆ. ಒಂದೇ ಏಟಿಗೆ ಎದುರಾಳಿಯನ್ನು ಉರುಳಿಸುವ ಆರ್ಭಟ ಅದರದ್ದಲ್ಲ. 7ನೇ ಹಂತದಲ್ಲಿ ಅದು ಕಲಿಯುವ ವಿದ್ಯೆ ಹೀರುಬೀಜ. ಎದುರಾಳಿಯ ಮೈಮೇಲೆ ಒಂದು ಬೀಜ ಎಸೆಯುತ್ತದೆ. ಅದು ಮೊಳೆತು, ಮಾವಿನ ಮರಕ್ಕೆ ಹತ್ತಿದ ಬಂದಳಿಕೆಯಂತೆ, ಪ್ರತಿ ಸರದಿಯಲ್ಲೂ ಸ್ವಲ್ಪ ಸ್ವಲ್ಪ ಸತ್ವ ಹೀರಿ ಬಲ್ಬಸಾರ್‌ಗೆ ತಂದು ಕೊಡುತ್ತದೆ. ಮೊದಲ ಸರದಿಯಲ್ಲಿ ಅದರ ಪರಿಣಾಮ ಕಣ್ಣಿಗೆ ಬೀಳುವುದೇ ಇಲ್ಲ. ಹತ್ತು ಸರದಿ ತಾಳಿಕೊಂಡರೆ ಗೊತ್ತಾಗುತ್ತದೆ. ತಾಳ್ಮೆಯಿಲ್ಲದ ಮಕ್ಕಳು ಇದನ್ನು ಮರೆತೇ ಬಿಡುವುದುಂಟು.

ಮೊದಲ ಆವೃತ್ತಿಯಲ್ಲಿ ಕೊನೆಗೆ, 48ನೇ ಹಂತದಲ್ಲಿ ಬರುವ ವಿದ್ಯೆ ಸೂರ್ಯಕಿರಣ. ಅದನ್ನು ಪ್ರಯೋಗಿಸಲು ಒಂದು ಸರದಿ ಸುಮ್ಮನೆ ನಿಂತು ಬೆಳಕನ್ನು ಕೂಡಿಟ್ಟುಕೊಳ್ಳಬೇಕು. ಆ ಹೊತ್ತಿನಲ್ಲಿ ಎದುರಾಳಿಯ ಏಟು ತಿನ್ನಲೇಬೇಕು. ಮರು ಸರದಿಯಲ್ಲಿ ಕೂಡಿಟ್ಟದ್ದೆಲ್ಲ ಒಮ್ಮೆಲೇ ಹೊರಬರುತ್ತದೆ. ಬೆನ್ನ ಮೇಲಿನ ಗಡ್ಡೆಯೂ ಅಂಥದ್ದೇ ಒಂದು ಠೇವಣಿ. ಅದರಲ್ಲಿ ಸತ್ವ ಶೇಖರವಾಗಿರುವುದರಿಂದ ಬಲ್ಬಸಾರ್ ದಿನಗಟ್ಟಲೆ ಊಟವಿಲ್ಲದೆ ಇರಬಲ್ಲದು, ಬಿಸಿಲಿನಲ್ಲಿ ಮಲಗಿದಾಗ ಅದರ ಬೀಜ ಬೆಳೆಯುತ್ತದೆ ಎಂದು ಆಟದ ಮಾಹಿತಿ ಕೋಶ ವಿವರಿಸುತ್ತದೆ.

ಬೆಳೆಯಲು ಒಪ್ಪದ ಮರಿ

16ನೇ ಹಂತ ತಲುಪಿದಾಗ ಬಲ್ಬಸಾರ್ ರೂಪಾಂತರ ಹೊಂದಿ ಐವಿಸಾರ್ ಆಗುತ್ತದೆ. ಗಡ್ಡೆ ಬಿರಿದು ಮೊಗ್ಗು ಕಾಣಿಸುತ್ತದೆ, ತೂಕ 13 ಕಿಲೋಗೆ ಏರುತ್ತದೆ. ಮೊಗ್ಗಿನ ಭಾರಕ್ಕೆ ಅದಕ್ಕೆ ಹಿಂಗಾಲುಗಳ ಮೇಲೆ ನಿಲ್ಲಲಾಗುವುದಿಲ್ಲ. 32ನೇ ಹಂತದಲ್ಲಿ ಅದು ವೀನಸಾರ್. ಬೆನ್ನ ಮೇಲೆ ದೊಡ್ಡ ಹೂ, ಎರಡು ಮೀಟರ್ ಎತ್ತರ, 100 ಕಿಲೋ ತೂಕ. ದೊಡ್ಡವನಾದರೆ ಶಕ್ತಿ ಬರುತ್ತದೆ, ಜೊತೆಗೆ ಹೊರೆಯೂ ಬರುತ್ತದೆ ಎಂಬುದನ್ನು ಇಷ್ಟು ಸರಳವಾಗಿ ತೋರಿಸಿದ ಆಟಗಳು ಕಡಿಮೆ. ಬೇಡವೆನಿಸಿದರೆ ರೂಪಾಂತರ ನಡೆಯುವ ಕ್ಷಣದಲ್ಲಿ ಒಂದು ಗುಂಡಿ ಒತ್ತಿ ಅದನ್ನು ತಡೆಯಲೂ ಅವಕಾಶವಿದೆ.

1997ರ ಏಪ್ರಿಲ್ 1ರಂದು ಜಪಾನಿನಲ್ಲಿ ಆರಂಭವಾದ ಕಾರ್ಟೂನ್ ಧಾರಾವಾಹಿಯಲ್ಲಿ ಈ ಸಂಗತಿಯನ್ನೇ ಒಂದು ಕಥೆಯಾಗಿ ಹೆಣೆಯಲಾಯಿತು. ಕಥಾನಾಯಕ ಆಶ್ ಮೊದಲ ದಿನ ತಡವಾಗಿ ಎದ್ದ ಕಾರಣ ಮೂರು ಚೆಂಡುಗಳೂ ಬೇರೆಯವರ ಪಾಲಾಗಿರುತ್ತವೆ. ಅವನಿಗೆ ಸಿಗುವುದು ಪಿಕಾಚು. ಹತ್ತನೆಯ ಕಂತಿನಲ್ಲಿ ಆತ ಬಲ್ಬಸಾರ್ ಒಂದನ್ನು ಕಾಣುತ್ತಾನೆ. ಗಾಯಗೊಂಡ, ಯಾರಿಗೂ ಬೇಡವಾದ ಜೀವಿಗಳನ್ನು ಮೆಲನಿ ಎಂಬ ಯುವತಿ ಆರೈಕೆ ಮಾಡುವ ಗುಪ್ತ ತಾಣಕ್ಕೆ ಆ ಬಲ್ಬಸಾರ್ ಕಾವಲುಗಾರ. ಅಪರಿಚಿತರನ್ನು ಅದು ಸುಲಭವಾಗಿ ನಂಬುವುದಿಲ್ಲ. ನಂಬಿದ ಮೇಲೆ ಆಶ್‌ನ ಜೊತೆ ಹೊರಡುತ್ತದೆ.

ಮುಂದೆ 51ನೇ ಕಂತಿನಲ್ಲಿ ಬಲ್ಬಸಾರ್‌ಗಳೆಲ್ಲ ಒಂದು ರಹಸ್ಯ ಉದ್ಯಾನದಲ್ಲಿ ಸೇರಿ ಒಟ್ಟಾಗಿ ರೂಪಾಂತರ ಹೊಂದುವ ಉತ್ಸವದ ದೃಶ್ಯವಿದೆ. ಎಲ್ಲರೂ ಬೆಳೆಯುತ್ತಾರೆ. ಆಶ್‌ನ ಬಲ್ಬಸಾರ್ ಮಾತ್ರ ಒಪ್ಪುವುದಿಲ್ಲ. ಹಿರಿಯ ವೀನಸಾರ್ ಸಿಟ್ಟಾಗುತ್ತದೆ. ಆದರೂ ಅದು ತನ್ನ ನಿಲುವು ಬಿಡುವುದಿಲ್ಲ, ಆಶ್ ಅದರ ಪರ ನಿಲ್ಲುತ್ತಾನೆ. ಆಮೇಲೂ ಅದು ರೂಪಾಂತರ ಹೊಂದಲೇ ಇಲ್ಲ. ಮುಂದೆ ಪ್ರೊಫೆಸರ್ ಓಕ್ ಅವರ ತೋಟದಲ್ಲಿ ಜಗಳವಾಡುವ ಜೀವಿಗಳ ನಡುವೆ ರಾಜಿ ಪಂಚಾಯಿತಿಕೆ ಮಾಡುವ ಹೊಣೆ ಅದರ ಪಾಲಿಗೆ ಬಂತು. ಎಲ್ಲ ಮಕ್ಕಳೂ ಒಂದೇ ವಯಸ್ಸಿಗೆ ಒಂದೇ ರೀತಿ ಅರಳಬೇಕೆಂದು ಹಟ ಹಿಡಿಯುವ ಪಾಲಕರು ಈ ಒಂದು ಕಂತನ್ನಾದರೂ ಮಕ್ಕಳ ಪಕ್ಕ ಕುಳಿತು ನೋಡಬಹುದು.

ಹಸಿರು ಹೋಗಿ ನೀಲಿ ಬಂತು

ಇಷ್ಟೆಲ್ಲ ಗುಣಗಳಿದ್ದರೂ ಪ್ರಚಾರದ ವಿಷಯದಲ್ಲಿ ಬಲ್ಬಸಾರ್ ಬಳಗಕ್ಕೆ ಅದೃಷ್ಟ ಕೂಡಿ ಬರಲಿಲ್ಲ. ಜಪಾನಿನಲ್ಲಿ ಹಸಿರು ಆವೃತ್ತಿಯ ಮುಖಪುಟದಲ್ಲಿ ವೀನಸಾರ್ ಇತ್ತು. 1998ರ ಸೆಪ್ಟೆಂಬರಿನಲ್ಲಿ ಆಟ ಅಮೆರಿಕಕ್ಕೆ ಹೋದಾಗ ಕೆಂಪು ಮತ್ತು ನೀಲಿ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಕೆಂಪಿನ ಮೇಲೆ ಬೆಂಕಿಯ ಬಳಗ, ನೀಲಿಯ ಮೇಲೆ ನೀರಿನ ಬಳಗ. ಹಸಿರು ಕೈಬಿಟ್ಟು ಹೋಯಿತು. ವಿಶ್ವದಾದ್ಯಂತ ಮೂರು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಈ ಮೊದಲ ಆಟದಲ್ಲಿ ಜಪಾನಿನ ಹೊರಗೆ ವೀನಸಾರ್ ಮುಖಪುಟ ಕಾಣಲಿಲ್ಲ. 2004ರಲ್ಲಿ ಲೀಫ್ ಗ್ರೀನ್ ಎಂಬ ಮರುಆವೃತ್ತಿ ಬಂದಾಗಲಷ್ಟೇ ಆ ಗೌರವ ಮರಳಿತು. 2019ರ ಸ್ವೋರ್ಡ್ ಮತ್ತು ಶೀಲ್ಡ್ ಆಟಗಳ ಆರಂಭದಲ್ಲೂ ಹಳೆಯ ಮೂವರಲ್ಲಿ ಚಾರ್ಮ್ಯಾಂಡರ್‌ಗೆ ಮಾತ್ರ ಪ್ರವೇಶ ದೊರಕಿತು. ಆಟದೊಳಗೇ ಬಲ್ಬಸಾರ್ ಸಿಗಲು 2020ರ ಜೂನ್‌ನಲ್ಲಿ ಬಂದ ಪೂರಕ ಭಾಗದವರೆಗೆ ಕಾಯಬೇಕಾಯಿತು.

ಪ್ರಕೃತಿಯಲ್ಲೂ ಉಂಟು

ಪ್ರಾಣಿಯೂ ಗಿಡವೂ ಒಂದೇ ಮೈಯಲ್ಲಿ ಇರುವುದು ಶುದ್ಧ ಕಟ್ಟುಕಥೆ ಎಂದು ತಳ್ಳಿಹಾಕುವಂತಿಲ್ಲ. ಉತ್ತರ ಅಮೆರಿಕದಲ್ಲಿ ಹಳದಿ ಚುಕ್ಕೆಯ ಸಾಲಮ್ಯಾಂಡರ್ ಎಂಬ ಉಭಯವಾಸಿ ಇದೆ. ಅದರ ಮೊಟ್ಟೆಗಳೊಳಗೆ ಹಸಿರು ಪಾಚಿ ವಾಸಿಸುತ್ತದೆ. ಆ ಪಾಚಿ ಭ್ರೂಣದ ಜೀವಕೋಶಗಳ ಒಳಗೂ ಸೇರಿಕೊಳ್ಳುತ್ತದೆ ಎಂಬುದನ್ನು ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದರು. ಅಮೆರಿಕದ ಪೂರ್ವ ಕರಾವಳಿಯ ಒಂದು ಸಮುದ್ರ ಗೊಂಡೆಹುಳು ಪಾಚಿಯನ್ನು ತಿಂದು ಅದರ ಹರಿದ್ರೇಣುಗಳನ್ನು ತಿಂಗಳುಗಟ್ಟಲೆ ತನ್ನ ಮೈಯಲ್ಲೇ ಉಳಿಸಿಕೊಳ್ಳುತ್ತದೆ. ನೋಡಲು ಅದು ಎಲೆಯಂತೆಯೇ ಹಸಿರು. ಮಡಗಾಸ್ಕರ್ ದ್ವೀಪದಲ್ಲಿ ಒಣಗಿದ ಎಲೆಯನ್ನೇ ಹೋಲುವ ಬಾಲದ ಹಲ್ಲಿಗಳಿವೆ. ಬಲ್ಬಸಾರ್ ಬಗ್ಗೆ ಕೇಳುವ ಮಗುವಿಗೆ ಇವುಗಳ ಚಿತ್ರ ತೋರಿಸಿದರೆ ಆಟದಿಂದ ಪಾಠಕ್ಕೆ ದಾರಿ ತಾನಾಗಿ ತೆರೆಯುತ್ತದೆ.

ಹಿರಿಯರು ಕೇಳಬೇಕಾದ ಪ್ರಶ್ನೆ

ಭಾರತಕ್ಕೆ ಪೊಕೆಮಾನ್ ಬಂದದ್ದು ಮುಖ್ಯವಾಗಿ ಟಿವಿಯ ಮೂಲಕ. 2003ರಲ್ಲಿ ಕಾರ್ಟೂನ್ ನೆಟ್‌ವರ್ಕ್ ವಾಹಿನಿಯಲ್ಲಿ ಧಾರಾವಾಹಿ ಪ್ರಸಾರವಾಗತೊಡಗಿದಾಗ ಮುಂಬಯಿ, ಪುಣೆ, ದೆಹಲಿಯ ಕನ್ನಡಿಗರ ಮನೆಯ ಮಕ್ಕಳೂ ಅದರ ಮುಂದೆ ಕುಳಿತವರೇ. ಕುರುಕಲು ತಿಂಡಿಯ ಪೊಟ್ಟಣದಲ್ಲಿ ಸಿಗುತ್ತಿದ್ದ ದುಂಡು ಬಿಲ್ಲೆಗಳಿಗಾಗಿ ಹಟ ಹಿಡಿದವರು ಈಗ ಸ್ವತಃ ತಂದೆ ತಾಯಿಯರಾಗಿದ್ದಾರೆ. 2016ರ ಡಿಸೆಂಬರಿನಲ್ಲಿ ಪೊಕೆಮಾನ್ ಗೋ ಎಂಬ ಮೊಬೈಲ್ ಆಟ ಭಾರತದಲ್ಲಿ ಅಧಿಕೃತವಾಗಿ ಬಿಡುಗಡೆಯಾಯಿತು. ಬೀದಿಯಲ್ಲಿ ನಡೆದಾಡಿ ಜೀವಿಗಳನ್ನು ಹಿಡಿಯುವ ಈ ಆಟದಲ್ಲೂ ಆರಂಭದ ಮೂವರಲ್ಲಿ ಬಲ್ಬಸಾರ್ ಒಂದು. ಅದರಲ್ಲಿ ನಿಜವಾದ ಹಣ ಕೊಟ್ಟು ಆಟದ ನಾಣ್ಯ ಖರೀದಿಸುವ ವ್ಯವಸ್ಥೆಯೂ ಇರುವುದರಿಂದ ಕಾರ್ಡಿನ ವಿವರ, ಗುಪ್ತ ಸಂಖ್ಯೆ, ಒಟಿಪಿಗಳು ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳುವುದು ಪಾಲಕರ ಕರ್ತವ್ಯ. ರಸ್ತೆ ದಾಟುವಾಗ ಮೊಬೈಲ್ ಕಿಸೆಯಲ್ಲಿರಲಿ. ಹೊತ್ತಿಗೆ ಮಿತಿಯೂ ಇರಲಿ.

ಆದರೆ ಗದರಿಕೆಯೊಂದೇ ಉಪಾಯವಲ್ಲ. ಮೂವರಲ್ಲಿ ನೀನು ಯಾರನ್ನು ಆಯ್ದೆ, ಏಕೆ ಆಯ್ದೆ ಎಂದು ಮೊಮ್ಮಗುವನ್ನು ಒಮ್ಮೆ ಕೇಳಿ ನೋಡಬೇಕು. ಬೆಂಕಿ ಚೆನ್ನಾಗಿ ಕಾಣುತ್ತದೆ ಎಂದೀತು, ಗೆಳೆಯ ಹೇಳಿದ ಎಂದೀತು, ಮೊದಲ ಗರಡಿ ಸುಲಭವಾಗುತ್ತದೆ ಎಂದೀತು. ಬೆನ್ನ ಮೇಲಿನ ಬೀಜ ಮುಂದೆ ಹೂವಾಗುತ್ತದೆ, ಅದಕ್ಕೇ ಬಲ್ಬಸಾರ್ ಎಂದು ಉತ್ತರ ಬಂದರೆ ಆ ಮಗುವಿಗೆ ಕಾಯುವುದು ಗೊತ್ತು ಎಂದು ತಿಳಿದುಕೊಳ್ಳಬಹುದು. ಯಾವ ಉತ್ತರ ಬಂದರೂ ಸರಿಯೇ. ಕೇಳುವವರೊಬ್ಬರು ಮನೆಯಲ್ಲಿದ್ದಾರೆ ಎಂಬುದು ಮಗುವಿಗೆ ತಿಳಿದರೆ ಸಾಕು. ಮೂರನೆಯ ಚೆಂಡು ಸಿಗಬೇಕಾದರೆ ತಂತಿಯ ಆ ತುದಿಯಲ್ಲಿ ಇನ್ನೊಬ್ಬರು ಇರಲೇಬೇಕು ಎಂಬುದನ್ನು ಆಟವೇ ಅದಕ್ಕೆ ಕಲಿಸಿರುತ್ತದೆ.